ಹೆಸರು ಕೇಳಿದ್ಮೇಲೆ 'ಮನೆ ಹೋಯ್ತು' ಅಂದ್ರೆ ಏನ್ಮಾಡೋದು? ವಕೀಲರಿಗೆ ಪ್ರಶ್ನೆ

ಪ್ರಶ್ನೆ: ಮೇಡಂ, ನಾವು ಕೆಲಸಕ್ಕೆ ಅಂತ ಹೊರದೇಶಕ್ಕೆ ಬಂದೋರು. ಬಾಡಿಗೆ ಮನೆಗೆ ಫೋನ್ ಮಾಡ್ದೆ, ಹೆಸರು ಹೇಳಿದ ತಕ್ಷಣ ಮನೆ ಹೋಯ್ತು ಅಂದ್ರು, ಸ್ವಲ್ಪ ಹೊತ್ತು ಬಿಟ್ಟು ಇಲ್ಲಿಯವರೇ ಆದ ಸಹೋದ್ಯೋಗಿ ಕೈಲಿ ಫೋನ್ ಮಾಡ್ಸಿದ್ರೆ ನಾಳೆ ಬಂದು ನೋಡಿ ಅಂದ್ರಂತೆ. ನಿಮ್ಮ ಜನಕ್ಕೆ ಕೊಡಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ. ಪ್ರೂವ್ ಮಾಡಕ್ಕಾಗತ್ತಾ?

ಉತ್ತರ: ಆಗತ್ತೆ, ಅರ್ಧ ಕೆಲಸ ನೀವೇ ಮಾಡಿಟ್ಟಿದೀರ. ಒಂದೇ ಮನೆಗೆ ಬೇರೆ ಬೇರೆ ಹೆಸರಲ್ಲಿ ವಿಚಾರಿಸೋದನ್ನ ಟೆಸ್ಟಿಂಗ್ ಅಂತೀವಿ. 2006ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್ ಅಧ್ಯಯನದಲ್ಲೂ ಹೆಚ್ಚುಕಮ್ಮಿ ಇಂಥದ್ದೇ ಮಾಡಿದ್ರು, ಬಾಡಿಗೆ ಮನೆ ಕೇಳಿ ಸಾವಿರಕ್ಕೂ ಹೆಚ್ಚು ಇಮೇಲ್, ಒಕ್ಕಣೆ ಒಂದೇ, ಹೆಸರು ಮಾತ್ರ ಬೇರೆ. ಬಿಳಿಯರ ಹೆಸರಿಗೆ 89%, ಅರಬ್ ಹೆಸರಿಗೆ 66%, ಕಪ್ಪು ಅಮೆರಿಕನ್ನರ ಹೆಸರಿಗೆ 56% ಒಳ್ಳೆ ಉತ್ತರ ಬಂತು. ಹಾಗಾಗಿ ನಮ್ಮಲ್ಲೇ ಏನೋ ಕೊರತೆ ಇದೆ ಅಂತ ದಯವಿಟ್ಟು ಕೊರಗ್ಬೇಡಿ.

ಈಗ ಕಾಲ್ ಲಾಗ್, ಜಾಹೀರಾತಿನ ಸ್ಕ್ರೀನ್‌ಶಾಟ್ ಎತ್ತಿಡಿ, ಸಹೋದ್ಯೋಗಿ ಕೈಲಿ ಏನ್ ಮಾತಾಯ್ತು ಅಂತ ಇವತ್ತೇ ಬರೆಸಿಕೊಳ್ಳಿ. ಅವ್ರ ಸಂಬಳ, ಮನೇಲಿ ಎಷ್ಟು ಜನ ಅನ್ನೋದು ನಿಮಗೆ ಹೊಂದ್ಬೇಕು, ಇಲ್ಲಾಂದ್ರೆ ಓನರ್ ಕಡೆಯವ್ರು ಅದನ್ನೇ ನೆಪ ಮಾಡ್ಕೊಂಡು ಜಾರ್ಕೋತಾರೆ. ಜನಾಂಗೀಯ ತಾರತಮ್ಯ ತಡೆಯೋ ಯುರೋಪಿಯನ್ ಯೂನಿಯನ್ನಿನ 2000ನೇ ಇಸವಿ ನಿರ್ದೇಶನದ ಪ್ರಕಾರ ತಾರತಮ್ಯ ಆಗಿರ್ಬಹುದು ಅನ್ನಿಸೋಷ್ಟು ಸಂಗತಿ ನೀವು ಕೋರ್ಟಿನ ಮುಂದಿಟ್ರೆ ಸಾಕು, ಆಗಿಲ್ಲ ಅಂತ ತೋರ್ಸೋ ಹೊಣೆ ಅವ್ರದ್ದು. ಯಾವ ದೇಶ ಅಂತ ನೀವು ಬರ್ದಿಲ್ಲ, ಆದ್ರೆ ತಡ ಮಾಡ್ಬೇಡಿ, ಜರ್ಮನಿಯಲ್ಲಿ 2 ತಿಂಗಳೊಳಗೆ ಪರಿಹಾರ ಕೇಳ್ಬೇಕು, ಅಮೆರಿಕದಲ್ಲಿ ಫೆಡರಲ್ ವಸತಿ ಇಲಾಖೆಗೆ ದೂರು ಕೊಡಕ್ಕೆ 1 ವರ್ಷ ಇದೆ.

ಇನ್ನೊಬ್ಬರು: ನಮಗೆ ಏಜೆಂಟೇ ಹೇಳಿದ್ರು, ಓನರ್ ಬೇಡ ಅಂದಿದಾರೆ ನಾನೇನ್ಮಾಡ್ಲಿ ಅಂತ.

ಉತ್ತರ: ಅದು ನೆಪ ಅಲ್ಲ, ನಿಮಗೆ ಸಿಕ್ಕಿರೋ ಸಾಕ್ಷಿ! ತಾರತಮ್ಯ ಮಾಡು ಅಂತ ಹೇಳಿಕೊಡೋದೂ ತಾರತಮ್ಯನೇ ಅಂತ ಅದೇ ನಿರ್ದೇಶನದಲ್ಲಿದೆ. ಮೆಸೇಜಲ್ಲಿ ಹೇಳಿದ್ರೆ ಡಿಲೀಟ್ ಮಾಡ್ಬೇಡಿ.

ಮತ್ತೊಬ್ಬರು: ವೀಸಾ ಪೇಪರ್ ಕೇಳೋದೂ ತಪ್ಪಾ?

ಉತ್ತರ: ಕೇಳೋದೇ ತಪ್ಪಲ್ಲ. ಇಂಗ್ಲೆಂಡಲ್ಲಂತೂ ಬಾಡಿಗೆಗೆ ಬರೋ ವಯಸ್ಕರಿಗೆ ಅಲ್ಲಿರೋ ಹಕ್ಕಿದೆಯಾ ಅಂತ ಓನರ್ ನೋಡ್ಲೇಬೇಕು, ಆದ್ರೆ ಎಲ್ರನ್ನೂ ಕೇಳ್ಬೇಕು. ಮುಖ, ಹೆಸರು, ಮಾತಿನ ಧಾಟಿ ನೋಡಿ ನಿಮ್ಮನ್ನ ಮಾತ್ರ ಕೇಳಿದ್ರೆ ಅದು 2010ರ ಸಮಾನತೆ ಕಾಯ್ದೆಗೆ ವಿರುದ್ಧ.