ಹಸಿರಾಗಿ ಕಂಡದ್ದೆಲ್ಲ ಕಾಡಲ್ಲ, ಚಿಕ್ಕಪ್ಪ

(ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದ ಚರ್ಚೆ. ಅಪ್ಪ, ಅಮ್ಮ, ಚಿಕ್ಕಪ್ಪ ಮೂವರೂ ಮೇ ತಿಂಗಳಲ್ಲಿ ನಾನಿರುವ ಐರ್ಲೆಂಡಿನ ವಿಕ್ಲೋಗೆ ಬರುವವರಿದ್ದಾರೆ.)

ಚಿಕ್ಕಪ್ಪ: [ಫಾರ್ವರ್ಡ್ ಸಂದೇಶ] "ಐರ್ಲೆಂಡ್ – ದೇಶವೇ ಒಂದು ಮಹಾಕಾಡು! ಹಾವುಗಳಿಲ್ಲದ ನಾಡು, ಬರಿಗಾಲಿನಲ್ಲಿ ಎಲ್ಲಿ ಬೇಕಾದರೂ ಅಡ್ಡಾಡಿ! ಮೂರು ದಿನದಲ್ಲಿ ಮೂರು ಸ್ವರ್ಗ: ಪವರ್ಸ್‌ಕೋರ್ಟ್ ತೋಟ, ಕಿಲಾರ್ನಿಯ ಕಾಡು, ಜನವಸತಿಯಿಲ್ಲದ ಪ್ರಶಾಂತ ಕಣಿವೆ ಗ್ಲೆನ್‌ವೇ." (ಜೊತೆಗೆ ನೇರಳೆ ಹೂವು ಮುತ್ತಿಕೊಂಡ ಕಾಡಿನ ಚಿತ್ರ)

ಚಿಕ್ಕಪ್ಪ: ಇದನ್ನೇ ನಮ್ಮ ಪ್ರವಾಸದ ಪಟ್ಟಿ ಮಾಡಿಕೊಳ್ಳೋಣ. ಚಿತ್ರ ನೋಡಿದರೆ ಈಗಲೇ ಹೊರಡೋಣ ಅನ್ನಿಸುತ್ತದೆ.

ತಮ್ಮ: ಅದ್ಭುತವಾಗಿದೆ ಚಿಕ್ಕಪ್ಪ. ಅಕ್ಕಾ, ಈ ನೇರಳೆ ಹೂವಿನ ಜಾಗಕ್ಕೆ ಅಮ್ಮನನ್ನು ತಪ್ಪದೆ ಕರೆದುಕೊಂಡು ಹೋಗು.

ನಾನು: ಚಿಕ್ಕಪ್ಪ, ಈ ಫಾರ್ವರ್ಡಿನಲ್ಲಿ ಹಾವಿಲ್ಲ ಎನ್ನುವ ಮಾತೊಂದು ನಿಜ. ಉಳಿದದ್ದನ್ನು ನಂಬಿಕೊಂಡು ಬಂದರೆ ನೀವು ಮೂರು ದಿನವೂ ಕಾರಿನಲ್ಲೇ ಕುಳಿತಿರುತ್ತೀರಿ. ಕಿಲಾರ್ನಿ ನೈಋತ್ಯದ ಮೂಲೆ, ಗ್ಲೆನ್‌ವೇ ವಾಯವ್ಯದ ಮೂಲೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಇಡೀ ಹಗಲು ಬೇಕು. ಇನ್ನು "ದೇಶವೇ ಕಾಡು" ಎಂಬುದು. ಐರ್ಲೆಂಡಿನಲ್ಲಿ ಕಾಡು ಇರುವುದು ನೆಲದ ಶೇ 11ರಷ್ಟು ಮಾತ್ರ. ಯುರೋಪಿನಲ್ಲಿ ಇಷ್ಟು ಕಡಿಮೆ ಮರಗಳಿರುವ ದೇಶಗಳು ಕೆಲವೇ ಕೆಲವು. ವಿಮಾನದಿಂದ ಕಾಣುವ ಹಸಿರೆಲ್ಲ ದನ, ಕುರಿ ಮೇಯುವ ಹುಲ್ಲುಗಾವಲು.

ದೊಡ್ಡಪ್ಪ: ಶೇ 11 ಎಂದು ಹಗುರವಾಗಿ ಹೇಳಬೇಡ ಮಗಳೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಉಳಿದಿದ್ದದ್ದು ಶೇ 1ರ ಆಸುಪಾಸು. ಅಲ್ಲಿಂದ ಇಲ್ಲಿಗೆ ಬಂದಿದ್ದಾರೆ ಎಂದರೆ ಅರಣ್ಯ ಇಲಾಖೆಯಲ್ಲಿ ಜೀವ ಸವೆಸಿದ ನನ್ನಂಥವನಿಗೆ ಅದರ ಬೆಲೆ ಗೊತ್ತು.

ನಾನು: ಒಪ್ಪುತ್ತೇನೆ ದೊಡ್ಡಪ್ಪ. ಆದರೆ ಆ ಶೇ 11ರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಸಿಟ್ಕಾ ಸ್ಪ್ರೂಸ್. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಮರ. ಸಾಲು ಹಿಡಿದು ನೆಟ್ಟಿದ್ದಾರೆ. ಒಳಗೆ ಹೋದರೆ ಹಗಲಲ್ಲೇ ಕತ್ತಲು, ಕಾಲ ಕೆಳಗೆ ಕಂದು ಸೂಜಿ ಎಲೆಗಳ ಹಾಸು ಬಿಟ್ಟರೆ ಒಂದು ಹೂವೂ ಇಲ್ಲ, ಹಕ್ಕಿಯ ದನಿಯೂ ಅಪರೂಪ. ಬೆಳೆದ ಮೇಲೆ ಇಡೀ ಗುಡ್ಡವನ್ನೇ ಒಮ್ಮೆಗೆ ಕಡಿಯುತ್ತಾರೆ. ಇದನ್ನು ಕಾಡು ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ದೊಡ್ಡಪ್ಪ: ಅದು ನೆಡುತೋಪು. ನಾವೂ ಮಲೆನಾಡಿನಲ್ಲಿ ಅಕೇಶಿಯಾ ನೆಟ್ಟವರೇ. ಮನೆಗೆ ತೊಲೆ, ಕಾಗದಕ್ಕೆ ತಿರುಳು ಎಲ್ಲಿಂದಲಾದರೂ ಬರಬೇಕಲ್ಲ? ಬೋಳು ಗುಡ್ಡದಲ್ಲಿ ನೆಟ್ಟರೆ ನನ್ನ ತಕರಾರಿಲ್ಲ. ಹಳೆಯ ಕಾಡನ್ನು ಕಡಿದು ನೆಟ್ಟರೆ ತಕರಾರು. ಅಲ್ಲಿ ಯಾವುದು ಎಂದು ನೋಡಿ ಮಾತಾಡು.

ನಾನು: ಅದಕ್ಕೇ ನಿಮ್ಮ ತಮ್ಮನನ್ನು ಮೊದಲು ಏವನ್‌ಡೇಲ್‌ಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಮನೆಯಿಂದ ಹತ್ತಿರ. ಐರಿಷ್ ರಾಷ್ಟ್ರೀಯ ನಾಯಕ ಚಾರ್ಲ್ಸ್ ಸ್ಟೀವರ್ಟ್ ಪಾರ್ನೆಲ್ 1846ರಲ್ಲಿ ಹುಟ್ಟಿದ ಎಸ್ಟೇಟ್ ಅದು. 1904ರಲ್ಲಿ ಸರ್ಕಾರ ಅದನ್ನು ಕೊಂಡು ಅರಣ್ಯ ಶಾಲೆ ಆರಂಭಿಸಿತು. ಯಾವ ದೇಶದ ಯಾವ ಮರ ಈ ಮಣ್ಣಿಗೆ ಒಗ್ಗುತ್ತದೆ ಎಂದು ತಿಳಿಯಲು ಸುಮಾರು ಒಂದೊಂದು ಎಕರೆಯ ತಾಕುಗಳನ್ನು ಮಾಡಿ ಬೇರೆ ಬೇರೆ ಜಾತಿ ನೆಟ್ಟರು. ಸಿಟ್ಕಾ ಇಡೀ ದೇಶವನ್ನು ಆವರಿಸಿದ್ದಕ್ಕೆ ಬೇರು ಅಲ್ಲಿದೆ.

ದೊಡ್ಡಪ್ಪ: ಆ ತಾಕುಗಳ ಫಲಕಗಳ ಚಿತ್ರ ನನಗೆ ಬೇಕು. ಒಂದನ್ನೂ ಬಿಡಬೇಡ.

ಅಮ್ಮ: ಅಲ್ಲಿ ಎಷ್ಟು ಮೆಟ್ಟಿಲುಗಳಿವೆ? ನನ್ನ ಮಂಡಿಯ ವಿಷಯ ನಿನಗೆ ಗೊತ್ತಲ್ಲ.

ನಾನು: ಅಮ್ಮಾ, ಏವನ್‌ಡೇಲ್ ನಿನಗೆಂದೇ ಕಟ್ಟಿದಂತಿದೆ. 2022ರಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ ಒಂದು ಮರದ ಸೇತುದಾರಿ ತೆರೆದರು. 1.4 ಕಿಲೋಮೀಟರ್ ಉದ್ದ, ಉದ್ದಕ್ಕೂ ಮೆಲ್ಲಗೆ ಏರುವ ಇಳಿಜಾರು, ಗಾಲಿಕುರ್ಚಿಯೂ ಹೋಗುತ್ತದೆ. ಕೊನೆಯಲ್ಲಿ 38 ಮೀಟರ್ ಎತ್ತರದ ಗೋಪುರ, ಅದಕ್ಕೂ ಸುತ್ತು ಸುತ್ತಾಗಿ ಏರುವ ದಾರಿ. ಅದಕ್ಕೆ ಟಿಕೆಟ್ ಇದೆ, ಕೆಳಗಿನ ಕಾಲುದಾರಿಗಳಿಗೆ ಇಲ್ಲ. ಕೆಳಗೆ ನಿಂತರೆ ಕಾಣುವುದು ಕಾಂಡ ಮಾತ್ರ. ಆ ದಾರಿಯಲ್ಲಿ ನಡೆಯುವಾಗ ಫರ್ ಮರದ ಎಳೆ ಕಾಯಿಗಳು ಕೈಗೆಟುಕುವಷ್ಟು ಹತ್ತಿರ ಇರುತ್ತವೆ.

ಚಿಕ್ಕಪ್ಪ: ಎಲ್ಲ ಸರಿ. ಆದರೆ ಕಿಲಾರ್ನಿಯ ಆ ನೇರಳೆ ಹೂವಿನ ಕಾಡನ್ನು ಬಿಟ್ಟು ಬಂದರೆ ಐರ್ಲೆಂಡಿಗೆ ಹೋದದ್ದಾದರೂ ಏಕೆ?

ನಾನು: ಚಿಕ್ಕಪ್ಪ, ನನಗೆ ಸಿಟ್ಟು ಬಂದದ್ದೇ ಆ ಚಿತ್ರ ನೋಡಿ. ಅದು ರೋಡೋಡೆಂಡ್ರನ್ ಪಾಂಟಿಕಮ್. ಜಮೀನ್ದಾರರು ಅಂದಕ್ಕೆಂದು, ಬೇಟೆಗೆಂದು ಬಿಟ್ಟ ಹಕ್ಕಿಗಳಿಗೆ ಮರೆಗೆಂದು ತಂದು ನೆಟ್ಟ ಗಿಡ. ಈಗ ಕಿಲಾರ್ನಿಯ ಹಳೆಯ ಓಕ್ ಕಾಡನ್ನು ಒಳಗಿನಿಂದ ಕೊಲ್ಲುತ್ತಿದೆ. ಅದರ ಎಲೆ ವಿಷ, ಹಾಗಾಗಿ ಪ್ರಾಣಿಗಳು ಮೇಯುವುದು ಅಪರೂಪ. ಬೀಜ ಧೂಳಿನಷ್ಟು ಸಣ್ಣದು, ಗಾಳಿಯಲ್ಲಿ ಹಾರಿ ಪಾಚಿ ಹಿಡಿದ ನೆಲದಲ್ಲೆಲ್ಲ ಮೊಳೆಯುತ್ತದೆ. ವರ್ಷವಿಡೀ ಎಲೆ ಉದುರಿಸದ ಪೊದೆಯ ಕೆಳಗೆ ಓಕ್ ಸಸಿ ಬದುಕುವುದಿಲ್ಲ. ಮೇಲೆ ಅಜ್ಜ ಮರಗಳು ನಿಂತಿವೆ, ಕೆಳಗೆ ಮೊಮ್ಮಕ್ಕಳೇ ಇಲ್ಲ. ಸ್ವಯಂಸೇವಕರು ವರ್ಷಗಟ್ಟಲೆ ಕೈಯಾರೆ ಕಿತ್ತು ತೆಗೆಯುತ್ತಿದ್ದಾರೆ, ಮತ್ತೆ ಬರುತ್ತದೆ. ಅಂಥದ್ದರ ಚಿತ್ರ ಹಾಕಿ ಸ್ವರ್ಗ ಎಂದು ಬರೆದಿದ್ದಾರಲ್ಲ!

ದೊಡ್ಡಪ್ಪ: ಬಂಡೀಪುರದ ಲಂಟಾನಾ ಕಥೆಯೇ ಇದು. ಅದನ್ನೂ ಅಂದಕ್ಕೆಂದೇ ತಂದರು. ಹೂವು ಚೆನ್ನಾಗಿದೆ ಎಂದು ರಸ್ತೆಬದಿಯಲ್ಲಿ ನಿಂತು ಚಿತ್ರ ತೆಗೆಯುವವರನ್ನು ನಾನೂ ನೋಡಿದ್ದೇನೆ. ಬೇರುಸಹಿತ ಕೀಳಿಸಿದವನಿಗೆ ಅದರ ಕಷ್ಟ ಗೊತ್ತು.

ಅತ್ತೆ: ನಾನು ಇಷ್ಟು ಹೊತ್ತು ಸುಮ್ಮನಿದ್ದೆ. ನೀವಿಬ್ಬರೂ ಹೊರಗಿನಿಂದ ಬಂದ ಗಿಡವೆಲ್ಲ ಕೆಟ್ಟದ್ದು ಎನ್ನುವಂತೆ ಮಾತಾಡುತ್ತಿದ್ದೀರಿ. ಹಾಗಾದರೆ ಉದ್ಯಾನವೇ ಬೇಡವೇ? ನಮ್ಮ ಲಾಲ್‌ಬಾಗ್‌ನಲ್ಲಿರುವ ಎಷ್ಟು ಮರಗಳು ಈ ನೆಲದವು? ತೋಟ ಮಾಡುವುದೆಂದರೆ ದೂರದ ಗಿಡವನ್ನು ಮಗುವಿನಂತೆ ಸಾಕುವುದು. ಅದರಲ್ಲಿ ತಪ್ಪೇನಿದೆ?

ನಾನು: ತಪ್ಪಿಲ್ಲ ಅತ್ತೆ. ತೋಟದ ಬೇಲಿ ದಾಟಿ ಕಾಡಿಗೆ ನುಗ್ಗುವ ಜಾತಿಯ ಬಗ್ಗೆ ಮಾತ್ರ ನನ್ನ ಜಗಳ. ನಿಮಗಿಷ್ಟವಾಗುವ ಜಾಗ ಕಿಲ್‌ಮಕರಾ, ಇದೇ ವಿಕ್ಲೋದಲ್ಲಿದೆ. ರಾಷ್ಟ್ರೀಯ ಸಸ್ಯೋದ್ಯಾನದ ಶಾಖೆ, ಪ್ರವೇಶ ಉಚಿತ. ಅಲ್ಲಿಯೂ ರೋಡೋಡೆಂಡ್ರನ್ ಇವೆ, ಬೇರೆ ಜಾತಿಯವು. ಜೋಸೆಫ್ ಹೂಕರ್ ಎಂಬ ಸಸ್ಯವಿಜ್ಞಾನಿ 1840ರ ದಶಕದ ಕೊನೆಯಲ್ಲಿ ಸಿಕ್ಕಿಂ ಹಿಮಾಲಯದಲ್ಲಿ ಸಂಗ್ರಹಿಸಿದ ಬೀಜಗಳಿಂದ ಬೆಳೆದ ಮರಗಳೂ ಅಲ್ಲಿವೆ. ಬ್ರಾಡ್ ವಾಕ್ ಎಂಬ ಹಾದಿಯ ಇಕ್ಕೆಲದಲ್ಲಿ ಒಂದು ಯೂ ಮರ, ಒಂದು ಕೆಂಪು ರೋಡೋಡೆಂಡ್ರನ್, ಮತ್ತೆ ಯೂ, ಹೀಗೆ ಸಾಲು. ವಸಂತದಲ್ಲಿ ಎಸಳು ಉದುರಿ ಹಾದಿಯ ಮಣ್ಣೇ ಕಾಣುವುದಿಲ್ಲ. ಕಾಲಿಡಲು ಸಂಕೋಚವಾಗುತ್ತದೆ.

ಅತ್ತೆ: ನಮ್ಮ ಸಿಕ್ಕಿಮಿನ ಬೀಜ ಅಲ್ಲಿ ಹೂ ಬಿಡುತ್ತಿದೆಯೇ! ಅದನ್ನು ಬಿಟ್ಟು ಇವಳು ಸ್ಪ್ರೂಸ್ ಬಗ್ಗೆ ಮಾತಾಡುತ್ತಿದ್ದಾಳೆ ನೋಡಿ. ಅತ್ತಿಗೆ, ನೀವು ಅಲ್ಲಿಗೆ ಹೋಗಲೇಬೇಕು.

ತಮ್ಮ: ಅಕ್ಕಾ, ನನ್ನ ಮಾತು ಬೇರೆ. ಹತ್ತು ದಿನ ರಜೆ ಹಾಕಿ, ಸಾಲ ತೀರಿಸುತ್ತಾ ಟಿಕೆಟ್ ತೆಗೆದುಕೊಂಡು ಬರುವವರು ಎಲ್ಲರೂ ಮಾತಾಡುವ ದೊಡ್ಡ ಜಾಗಗಳನ್ನು ನೋಡಬೇಡವೇ? ಪವರ್ಸ್‌ಕೋರ್ಟ್ ನೋಡಲಿಲ್ಲ ಎಂದರೆ ಊರಿನಲ್ಲಿ ಏನು ಹೇಳುವುದು? ನೀನು ಅಲ್ಲೇ ಇರುವವಳು, ನಿನಗೆ ಸಣ್ಣ ಕಾಡು ಹುಡುಕುವ ಸಮಯವಿದೆ.

ನಾನು: ನ್ಯಾಯವಾದ ಮಾತು. ಪವರ್ಸ್‌ಕೋರ್ಟ್ ಬೇಡ ಎಂದು ನಾನು ಹೇಳಿಲ್ಲ. 47 ಎಕರೆ, ಮನೆಯ ಮುಂದಿನಿಂದ ಕೊಳದವರೆಗೆ ಇಳಿಯುವ ಜಗಲಿಗಳು, ಹಿಂದೆ ಷುಗರ್‌ಲೋಫ್ ಬೆಟ್ಟ. ಬೆಟ್ಟವನ್ನೇ ತೋಟದ ಹಿಂಗೋಡೆ ಮಾಡಿಕೊಂಡವರ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ಆದರೆ ಅದೊಂದೇ ನೋಡಿ "ಐರ್ಲೆಂಡ್ ನೋಡಿದೆ" ಎನ್ನಬಾರದು. ಅದೇ ಪವರ್ಸ್‌ಕೋರ್ಟಿನ ಒಡೆಯ 1860ರ ಸುಮಾರಿಗೆ ಜಪಾನಿನ ಸೀಕಾ ಜಿಂಕೆಗಳನ್ನು ತಂದು ಸಾಕಿದ. ಅವುಗಳ ಸಂತತಿ ಇಂದು ಬೆಟ್ಟಗಳಲ್ಲೆಲ್ಲ ಹರಡಿ ಎಳೆಯ ಸಸಿಗಳನ್ನು ಮೇಯುತ್ತಿದೆ. ಆ ತೋಟದ ಅಂದ, ಈ ಕಾಡಿನ ಪಾಡು ಎರಡೂ ಒಂದೇ ಮನೆಯಿಂದ ಹೊರಟವು.

ದೊಡ್ಡಪ್ಪ: ಗ್ಲೆನ್‌ವೇ ಬಗ್ಗೆ ನೀನು ಏನೂ ಹೇಳಲಿಲ್ಲ.

ನಾನು: ಹೇಳಬೇಕೆಂದೇ ಇದ್ದೆ. ಡೊನೆಗಾಲ್‌ನ ಆ ಕಣಿವೆ, ಕೆರೆ, ಕೋಟೆ, ತೋಟ ಎಲ್ಲ ಬಹಳ ಸುಂದರ. ಕೋಟೆ ಕಟ್ಟಿಸಿದವನು ಜಾನ್ ಜಾರ್ಜ್ ಅಡೇರ್ ಎಂಬ ಜಮೀನ್ದಾರ. 1861ರ ಏಪ್ರಿಲ್‌ನಲ್ಲಿ ಅಲ್ಲಿನ ಡೆರಿವೇ ಸೀಮೆಯ ಒಕ್ಕಲುಗಳ 244 ಜನರನ್ನು ಆತ ಒಕ್ಕಲೆಬ್ಬಿಸಿದ. ಮನೆಗಳ ಸೂರು ಕೆಡವಿಸಿದ. ಕೆಲವರು ಬಡವರ ಆಶ್ರಮ ಸೇರಿದರು, ಅನೇಕ ಯುವಕ ಯುವತಿಯರು ಆಸ್ಟ್ರೇಲಿಯಾದ ಹಡಗು ಹತ್ತಿದರು. ಫಾರ್ವರ್ಡ್ "ಜನವಸತಿಯಿಲ್ಲದ ಪ್ರಶಾಂತ ಕಣಿವೆ" ಎಂದು ಹೊಗಳುತ್ತದೆ, ನೋಡಿ. ಜನವಸತಿ ಏಕಿಲ್ಲ ಎಂದು ಕೇಳಬೇಕಲ್ಲವೇ?

ಚಿಕ್ಕಪ್ಪ: ಹಾಗಾದರೆ ಹೋಗುವುದೇ ಬೇಡ ಎನ್ನುತ್ತೀಯಾ? ನೋವಿನ ಜಾಗಕ್ಕೆ ಹೋಗಿ ಹೂವು ನೋಡುವುದು ಸರಿಯಲ್ಲ ಎಂದೇ?

ದೊಡ್ಡಪ್ಪ: ಹೋಗಲೇಬೇಕು. ಈಗ ಅದು ರಾಷ್ಟ್ರೀಯ ಉದ್ಯಾನ, ಜನರ ಸೊತ್ತು. ಜಮೀನ್ದಾರ ಬೇಲಿ ಹಾಕಿದ ಕಣಿವೆಯಲ್ಲಿ ಇಂದು ಯಾರು ಬೇಕಾದರೂ ನಡೆಯಬಹುದು ಎಂದರೆ ಅದಕ್ಕಿಂತ ದೊಡ್ಡ ನ್ಯಾಯ ಇನ್ನೇನಿದೆ? ಶರಾವತಿಯಲ್ಲಿ ಮುಳುಗಿದ ಊರುಗಳ ಮೇಲೆ ಲಾಂಚಿನಲ್ಲಿ ದಾಟುವಾಗ ನಾವು ಕಣ್ಣು ಮುಚ್ಚುತ್ತೇವೆಯೇ? ತಿಳಿದುಕೊಂಡು ನೋಡಬೇಕು.

ನಾನು: ದೊಡ್ಡಪ್ಪ ಹೇಳಿದ್ದು ನನಗೂ ಒಪ್ಪಿಗೆ. ಆದರೆ ಈ ಸಲದ ಪ್ರವಾಸಕ್ಕೆ ಗ್ಲೆನ್‌ವೇ ದೂರ. ಮುಂದಿನ ಸಲ ಅದೊಂದಕ್ಕೇ ಎರಡು ದಿನ ಇಡೋಣ.

ತಮ್ಮ: "ಎಲ್ಲಿ ಬೇಕಾದರೂ ಅಡ್ಡಾಡಿ" ಎನ್ನುವುದು?

ನಾನು: ಅದೂ ಸುಳ್ಳು. ಸ್ಕಾಟ್ಲೆಂಡಿನಲ್ಲಿ ಅಂಥ ಹಕ್ಕು ಕಾನೂನಿನಲ್ಲೇ ಇದೆ, ಐರ್ಲೆಂಡಿನಲ್ಲಿ ಇಲ್ಲ. ಬೆಟ್ಟ ಖಾಲಿ ಕಂಡರೂ ಯಾರದೋ ಜಮೀನು. ರೈತರು ಒಪ್ಪಿ ಬಿಟ್ಟುಕೊಟ್ಟ ಹಾದಿಗಳಲ್ಲಿ ಮಾತ್ರ ನಡೆಯಬೇಕು. ಇಲ್ಲಿನ ಮೊದಲ ದೂರದ ನಡೆದಾರಿ ವಿಕ್ಲೋ ವೇ. ಅದರ ಮೊದಲ ಭಾಗ 1980ರಲ್ಲಿ ತೆರೆಯಿತು, ಈಗ ಸುಮಾರು 130 ಕಿಲೋಮೀಟರ್ ಇದೆ. ಹಳದಿ ಬಣ್ಣದ ನಡೆಯುವ ಮನುಷ್ಯನ ಗುರುತು ಇರುವ ಕಂಬಗಳನ್ನು ನೋಡಿಕೊಂಡು ಹೋಗಬೇಕು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಬರಬೇಕು. ಕುರಿಮರಿಗಳಿರುವ ಕಾಲದಲ್ಲಿ ಒಬ್ಬನ ನಾಯಿಯಿಂದ ತೊಂದರೆಯಾದರೆ ಆ ರೈತ ಹಾದಿಯನ್ನೇ ಮುಚ್ಚಬಹುದು, ಅದು ಅವನ ಹಕ್ಕು. ಸರ್ಕಾರಿ ಅರಣ್ಯ ಸಂಸ್ಥೆಯಾದ ಕ್ವಿಲ್ಚದ ಕಾಡುಗಳಲ್ಲಾದರೆ ಕಾಲ್ನಡಿಗೆಗೆ ಎಲ್ಲರಿಗೂ ಸ್ವಾಗತ.

ನಾನು: ಬರಿಗಾಲು ಅಂತೂ ಬೇಡವೇ ಬೇಡ. ಹಾವಿಲ್ಲ, ಆದರೆ ಉಣುಗು ಇದೆ. ಜರಿಗಿಡ, ಎತ್ತರದ ಹುಲ್ಲು, ಜಿಂಕೆ ಓಡಾಡುವ ಕಡೆ ಹೆಚ್ಚು. ಲೈಮ್ ಕಾಯಿಲೆ ಅದರಿಂದ ಬರುತ್ತದೆ. ಉದ್ದ ಪ್ಯಾಂಟ್, ಅದರ ತುದಿ ಕಾಲುಚೀಲದ ಒಳಗೆ. ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಚಿಮ್ಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನೇರವಾಗಿ ಎಳೆಯಬೇಕು. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಮಾಡಬಾರದು.

ದೊಡ್ಡಪ್ಪ: ಮಂಗನ ಕಾಯಿಲೆಯ ಊರಿನವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಆ ಫಾರ್ವರ್ಡನ್ನು ಮೊದಲು ಅಳಿಸು, ತಮ್ಮಾ. ಬೇರೆ ಯಾರಾದರೂ ನಂಬಿ ಬರಿಗಾಲಿನಲ್ಲಿ ಹೋದಾರು.

ಅಮ್ಮ: ನೀನು ಯಾವಾಗಲೂ ಫೋನಿನಲ್ಲಿ ಹೇಳುವ ಆ ಸಣ್ಣ ಕಾಡು ಯಾವುದು? ಹೆಸರು ಬಾಯಿಗೆ ಬರುವುದಿಲ್ಲ.

ನಾನು: ಟಾಮ್ನಫಿನೋಗ್, ಅಮ್ಮಾ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಅದೇ. ಹಿಂದೆ ಶಿಲೇಲಾ ಎಂಬ ಸೀಮೆಯ ತುಂಬ ಓಕ್ ಕಾಡಿತ್ತು, ಅದರ ಮರ ಹಡಗಿಗೆ, ಪೀಪಾಯಿಗೆ, ಇಂಗ್ಲೆಂಡಿನ ದೊಡ್ಡ ದೊಡ್ಡ ಕಟ್ಟಡಗಳಿಗೆ ಹೋಯಿತು. ಉಳಿದ ತುಣುಕು ಇದು. ಇದನ್ನೂ ಕಡಿಯಲು ಹೊರಟಾಗ ಸುತ್ತಲ ಊರಿನವರು ಹೋರಾಡಿದರು, ಕೊನೆಗೆ ಸರ್ಕಾರ ಕೊಂಡುಕೊಂಡಿತು. ಟಿಕೆಟ್ ಇಲ್ಲ, ಅಂಗಡಿಯಿಲ್ಲ. ಪಕ್ಕದಲ್ಲಿ ಡೆರಿ ನದಿ, ಹಾದಿ ಬಹುಪಾಲು ಸಮತಟ್ಟು. ಮೇ ಆರಂಭದಲ್ಲಿ ಓಕ್ ಎಲೆ ಇನ್ನೂ ತಾಮ್ರದ ಬಣ್ಣದ ಎಳೆಯದಾಗಿರುತ್ತದೆ, ಬಿಸಿಲು ನೆಲದವರೆಗೆ ಬರುತ್ತದೆ. ಆ ಕೆಲವು ವಾರಗಳಲ್ಲೇ ಬ್ಲೂಬೆಲ್ ಎಂಬ ನೀಲಿ ಹೂವು ಅರಳಿ ಮುಗಿಯಬೇಕು, ಆಮೇಲೆ ಮೇಲೆ ಎಲೆ ಮುಚ್ಚಿಕೊಳ್ಳುತ್ತದೆ. ದಯವಿಟ್ಟು ಹಾದಿ ಬಿಟ್ಟು ಹೂವಿನ ಮಧ್ಯೆ ನಿಂತು ಚಿತ್ರ ತೆಗೆಸಿಕೊಳ್ಳಬೇಡಿ. ಎಲೆ ತುಳಿದರೆ ಗಡ್ಡೆಗೆ ಆಹಾರ ಸಿಗದೆ ಮರುವರ್ಷ ಹೂ ಬರುವುದಿಲ್ಲ.

ಚಿಕ್ಕಪ್ಪ: ಅಳಿಸಿದ್ದೇನೆ. ನಮ್ಮ ನಿವೃತ್ತರ ಗುಂಪಿಗೆ ನಿನ್ನ ಉಣುಗಿನ ಸಂದೇಶ ಕಳುಹಿಸುತ್ತೇನೆ. ಆದರೆ ಪವರ್ಸ್‌ಕೋರ್ಟ್ ಮತ್ತು ಕಿಲಾರ್ನಿ ಎರಡನ್ನೂ ನಾನು ಬಿಡುವುದಿಲ್ಲ.

ನಾನು: ಬಿಡಬೇಡಿ. ಕಿಲಾರ್ನಿಗೆ ರೈಲಿನಲ್ಲಿ ಹೋಗಿ ಎರಡು ರಾತ್ರಿ ಉಳಿಯೋಣ. ಅಮ್ಮನಿಗೆ ಕುದುರೆಗಾಡಿ ಇದೆ. ಅಲ್ಲಿನ ಮಕ್ರಾಸ್ ಎಸ್ಟೇಟನ್ನು 1932ರಲ್ಲಿ ಒಂದು ಕುಟುಂಬ ದೇಶಕ್ಕೆ ದಾನ ಕೊಟ್ಟಿತು, ಐರ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಅದರಿಂದಲೇ ಆಯಿತು. ಅಲ್ಲಿನ ರೀನಡಿನಾದಲ್ಲಿ ಯೂ ಮರಗಳದ್ದೇ ಕಾಡಿದೆ, ಯುರೋಪಿನಲ್ಲೇ ಅಪರೂಪ. ಸುಣ್ಣಕಲ್ಲಿನ ಮೇಲೆ ಮಣ್ಣು ನಾಲ್ಕು ಬೆರಳಿನಷ್ಟೂ ಇಲ್ಲ, ಬೇರುಗಳು ಬಂಡೆಯನ್ನು ತಬ್ಬಿಕೊಂಡು ಬಿರುಕಿನೊಳಗೆ ಇಳಿದಿವೆ, ಬಂಡೆಯೂ ಬೇರೂ ಒಂದೇ ಪಾಚಿಯ ಕೆಳಗೆ. ಆ ಮರದ ಎಲೆ, ಬೀಜ ಎಲ್ಲ ವಿಷ, ಬಾಯಿಗೆ ಹಾಕಬೇಡಿ.

ಅತ್ತೆ: ಪವರ್ಸ್‌ಕೋರ್ಟಿಗೆ ಯಾವಾಗ?

ನಾನು: ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೆ. ಪ್ರವಾಸಿ ಬಸ್ಸುಗಳು ಬರುವ ಮೊದಲು ಜಗಲಿಗಳನ್ನು ನೋಡಿ ಮುಗಿಸಿ, ಮಧ್ಯಾಹ್ನ ಕಿಲ್‌ಮಕರಾಗೆ ಹೋಗೋಣ. ಒಂಬತ್ತರವರೆಗೂ ಬೆಳಕಿರುತ್ತದೆ, ಅವಸರವಿಲ್ಲ. ಅಮ್ಮಾ, ಮಳೆಗೆ ಕೊಡೆ ತರಬೇಡ, ಗಾಳಿಗೆ ನಿಲ್ಲುವುದಿಲ್ಲ. ಟೋಪಿಯಿರುವ ಮಳೆಕೋಟು, ಹಿಡಿತವಿರುವ ಶೂ ಸಾಕು.

ಅಮ್ಮ: ಶೂ ನಾಳೆಯೇ ಕೊಂಡು ಮನೆಯಲ್ಲಿ ಹಾಕಿಕೊಂಡು ನಡೆದು ಪಳಗಿಸುತ್ತೇನೆ. ನಿಮ್ಮ ಚಿಕ್ಕಪ್ಪನಿಗೂ ಹೇಳು, ಚಪ್ಪಲಿಯಲ್ಲೇ ಬರುವವರು ಅವರು.