ಆಪ್ತಸಮಾಲೋಚನೆ ಕಲಿಯುವವರಿಗೆ ಮನೋವಿಜ್ಞಾನದ ಮೊದಲ ಪಾಠ ಯಾಕೆ ಬೇಕು? – ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ಆಪ್ತಸಮಾಲೋಚನೆ ಕೋರ್ಸಿಗೆ ಸೇರಿ ನಾಲ್ಕು ತಿಂಗಳಾಯಿತು. ಈ ಸೆಮಿಸ್ಟರ್ ಪೂರ್ತಿ ಮನೋವಿಜ್ಞಾನದ ಪರಿಚಯ. 1879ರಲ್ಲಿ ವುಂಟ್ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ಶುರು ಮಾಡಿದ್ದು, ಪಾವ್ಲಾವ್‌ನ ನಾಯಿ, ಸ್ಕಿನ್ನರ್‌ನ ಇಲಿ, ನೆನಪಿನ ವಿಧಗಳು, ಹೀಗೆ ಬರೆದು ಬರೆದು ನೋಟ್‌ಬುಕ್ ತುಂಬಿದೆ. ಆದರೆ ಎದುರಿಗೆ ಕೂತವರು ಅಳುವಾಗ ಇದರಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಗುತ್ತಿಲ್ಲ. ಚೆನ್ನಾಗಿ ಕೇಳಿಸಿಕೊಳ್ಳುವುದು ಗೊತ್ತಿದ್ದರೆ ಸಾಲದಾ?

ಉತ್ತರ: ಒಳ್ಳೆಯ ಪ್ರಶ್ನೆ. ತುಂಬಾ ಜನಕ್ಕೆ ಇದೇ ಅನಿಸುತ್ತದೆ, ಕೇಳುವುದಿಲ್ಲ ಅಷ್ಟೇ.

ಕೇಳಿಸಿಕೊಳ್ಳುವುದೇ ನಮ್ಮ ಮುಖ್ಯ ಕೆಲಸ. ಆದರೆ ಕೇಳಿಸಿಕೊಳ್ಳುವ ಕಿವಿ ನಿಮ್ಮದು. ಅದರ ಹಿಂದೆ ನಿಮ್ಮ ಮನಸ್ಸು ಕೂತಿದೆ. ಅದು ಕೇಳಿದ್ದನ್ನು ತುಂಬಿಸಿಕೊಳ್ಳುತ್ತದೆ, ಸರಿಪಡಿಸುತ್ತದೆ, ತನಗೆ ಬೇಕಾದ ಕಡೆ ವಾಲುತ್ತದೆ. ಈ ಮೊದಲ ವರ್ಷದ ಪಾಠವನ್ನು ನಾನು ಓದಿಸುವುದು ಅದಕ್ಕಾಗಿ. ಕ್ಲೈಂಟ್‌ನ ಮನಸ್ಸು ಓದಲು ಇದು ಸಾಲದು. ಕುರ್ಚಿಯಲ್ಲಿ ಕೂತ ನಿಮ್ಮ ಮನಸ್ಸು ಏನು ಮಾಡುತ್ತಿದೆ ಎಂದು ಹಿಡಿಯಲು ಇದು ಬೇಕೇ ಬೇಕು.

ನನ್ನ ತರಬೇತಿಯ ದಿನಗಳದ್ದು ಒಂದು ಹೇಳುತ್ತೇನೆ. ಸಹಪಾಠಿಯ ಜೊತೆ ರೋಲ್ ಪ್ಲೇ, ಅಂದರೆ ಒಬ್ಬರು ಕ್ಲೈಂಟ್ ಆಗಿ, ಇನ್ನೊಬ್ಬರು ಸಮಾಲೋಚಕರಾಗಿ ಕೂತು ಮಾಡುವ ಅಭ್ಯಾಸ. ಅವರು ತಮ್ಮ ಜೀವನದ್ದೇ ಒಂದು ಸಣ್ಣ ಘಟನೆ ಹೇಳುತ್ತಿದ್ದರು, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದೆವು. ನಾನು ಕೇಳಿದೆ: "ಆಗ ನಿಮಗೆ ತುಂಬಾ ಭಯ ಆಗಿರಬೇಕು, ಅಲ್ವಾ?" ಅವರು "ಹೂಂ" ಅಂದರು. ನನಗೆ ಖುಷಿಯಾಯಿತು, ಸರಿಯಾಗಿ ಹಿಡಿದೆ ಅಂತ. ಆಮೇಲೆ ನಮ್ಮ ಸೂಪರ್‌ವೈಸರ್ ಟೇಪ್ ಹಾಕಿ ಆ ಜಾಗದಲ್ಲೇ ನಿಲ್ಲಿಸಿದರು. ಹಿಂದೆ ಹೋಗಿ ಮತ್ತೆ ಹಾಕಿದರು. ನನ್ನ ಪ್ರಶ್ನೆಗೂ ಆ "ಹೂಂ"ಗೂ ನಡುವೆ ಉದ್ದನೆಯ ಮೌನ ಇತ್ತು. ಕೂತಿದ್ದಾಗ ನನಗೆ ಅದು ಕೇಳಿಸಿಯೇ ಇರಲಿಲ್ಲ. ಸಹಪಾಠಿಯನ್ನು ಕೇಳಿದರೆ, "ಭಯ ಅಲ್ಲ, ಸಿಟ್ಟು ಬಂದಿತ್ತು. ನೀವು ಭಯ ಅಂದಿರಿ, ಇರಬಹುದೇನೋ ಅನ್ನಿಸಿತು" ಅಂದರು.

ಈಗ ನಿಮ್ಮ ನೋಟ್‌ಬುಕ್‌ನಲ್ಲಿ ನೆನಪಿನ ಅಧ್ಯಾಯ ತೆಗೆಯಿರಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಒಂದು ಕಾರು ಅಪಘಾತದ ಕಿರುಚಿತ್ರ ತೋರಿಸಿದರು. ಒಂದು ಗುಂಪಿಗೆ "ಕಾರುಗಳು ಅಪ್ಪಳಿಸಿದಾಗ ಎಷ್ಟು ವೇಗದಲ್ಲಿದ್ದವು?" ಎಂದು ಕೇಳಿದರು. ಇನ್ನೊಂದಕ್ಕೆ "ಡಿಕ್ಕಿ ಹೊಡೆದಾಗ" ಎಂದು ಕೇಳಿದರು. ಮೂರನೆಯ ಗುಂಪಿಗೆ ವೇಗದ ಪ್ರಶ್ನೆಯೇ ಇಲ್ಲ. ವಾರ ಕಳೆದ ಮೇಲೆ ಎಲ್ಲರಿಗೂ ಇನ್ನೊಂದು ಪ್ರಶ್ನೆ: ಒಡೆದ ಗಾಜು ಕಂಡಿರಾ? ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಮಂದಿ ಕಂಡೆವು ಅಂದರು. "ಡಿಕ್ಕಿ" ಕೇಳಿಸಿಕೊಂಡ 50ರಲ್ಲಿ 7 ಮಂದಿ, ಪ್ರಶ್ನೆಯೇ ಇಲ್ಲದ 50ರಲ್ಲಿ 6 ಮಂದಿ.

ಒಂದೇ ಒಂದು ಪದ, ಅದೂ ಒಂದು ವಾರದ ಹಿಂದೆ ಕೇಳಿದ್ದು. ನನ್ನ "ಭಯ"ವೂ ಅಂಥದ್ದೇ ಪದ. ಪರೀಕ್ಷೆಗೆ ಅಂತ ಇಸವಿ ನೆನಪಿಟ್ಟುಕೊಳ್ಳಿ, ಆದರೆ ಸೆಷನ್‌ಗೆ ಕೂರುವ ಮುಂಚೆ ಆ ಗಾಜನ್ನು ನೆನಪಿಸಿಕೊಳ್ಳಿ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಕ್ಲೈಂಟ್ ಹೇಳುವ ಹಳೆಯ ನೆನಪನ್ನು ನಂಬಬಾರದಾ?

ಉತ್ತರ: ಅಯ್ಯೋ, ಹಾಗೆ ಅರ್ಥ ಮಾಡಿಕೊಳ್ಳಬೇಡಿ. ನೋವು ಹೇಳಿಕೊಳ್ಳಲು ಬಂದವರನ್ನು ಅನುಮಾನಿಸಿ ಕೂತರೆ ಅಲ್ಲಿಗೆ ಕೆಲಸ ಮುಗಿಯಿತು. ನೆನಪು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಮನೋವಿಜ್ಞಾನಿ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ದರು. ಕಟ್ಟಿಕೊಳ್ಳುವುದು ಅಂದರೆ ಸುಳ್ಳು ಹೇಳುವುದಲ್ಲ. ನಾವು ಎಲ್ಲರೂ ಹಾಗೆಯೇ ನೆನಪಿಸಿಕೊಳ್ಳುವುದು.

ಎಚ್ಚರ ಇರಬೇಕಾದ್ದು ನಮ್ಮ ಕಡೆ. ಅವರು ಕಟ್ಟುವಾಗ ನಾವು ಇಟ್ಟಿಗೆ ಕೊಡಬಾರದು. "ಚಿಕ್ಕವರಿದ್ದಾಗ ಏನೋ ಆಗಿರಬೇಕು, ನಿಮಗೆ ನೆನಪಿಲ್ಲ ಅಷ್ಟೇ" ಎನ್ನುವ ಮಾತು ಎಂದಿಗೂ ಬೇಡ. "ಆಮೇಲೆ?", "ಇನ್ನೂ ಸ್ವಲ್ಪ ಹೇಳ್ತೀರಾ?", "ಆಗ ನಿಮಗೆ ಹೇಗಿತ್ತು?" ಇಷ್ಟೇ ಸಾಕು. ಅವರು ಬಳಸಿದ ಪದವನ್ನೇ ನೀವೂ ಬಳಸಿ. ಅವರು "ಒಂಥರಾ ಆಯ್ತು" ಅಂದರೆ ನೀವೂ "ಒಂಥರಾ ಅಂದ್ರಿ..." ಎಂದು ಬಿಡಿ. ಅದನ್ನು ಆತಂಕ, ಖಿನ್ನತೆ ಎಂದು ಅನುವಾದ ಮಾಡಿಕೊಡುವ ಅವಸರ ಬೇಡ.

ಪ್ರಶ್ನೆ: ಮೇಡಂ, ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ತಾನೆ? ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹೌದು ಅಂತಾರೆ, ಅರ್ಧ ಜನ ಅಲ್ಲ ಅಂತಾರೆ.

ಉತ್ತರ: ಅಲ್ಲ. ಈ ಒಂದು ಗೊಂದಲ ಬಿಡಿಸಿಕೊಳ್ಳದೆ ಮುಂದೆ ಹೋಗಬೇಡಿ. ನನ್ನ ಪ್ರಕಾರ ಇಡೀ ಸೆಮಿಸ್ಟರ್‌ನಲ್ಲಿ ಆಪ್ತಸಮಾಲೋಚಕರಿಗೆ ಅತಿ ಜಾಸ್ತಿ ಕೆಲಸಕ್ಕೆ ಬರುವ ಪಾಠ ಇದೇ.

ಪುನರ್ಬಲನ ಅಂದಮೇಲೆ ವರ್ತನೆ ಬಲವಾಗುತ್ತದೆ. ಶಿಕ್ಷೆಯಲ್ಲಿ ಕಡಿಮೆಯಾಗುತ್ತದೆ. "ಋಣಾತ್ಮಕ" ಅಂದರೆ ಕೆಟ್ಟದ್ದು ಅಂತಲ್ಲ, ಏನನ್ನೋ ತೆಗೆದುಹಾಕುವುದು ಅಂತ. ತಲೆನೋವಿಗೆ ಮಾತ್ರೆ ನುಂಗುತ್ತೀರಿ, ನೋವು ಹೋಗುತ್ತದೆ, ಮುಂದಿನ ಸಲ ಇನ್ನೂ ಬೇಗ ಮಾತ್ರೆ ಹುಡುಕುತ್ತೀರಿ. ನೋವು ಹೋಯಿತು, ಹುಡುಕುವ ವರ್ತನೆ ಬಲವಾಯಿತು.

ಈಗ ಇದನ್ನು ಭಯಕ್ಕೆ ಹಚ್ಚಿ ನೋಡಿ. ಒಬ್ಬರಿಗೆ ಲಿಫ್ಟ್‌ನಲ್ಲಿ ಒಮ್ಮೆ ಪ್ಯಾನಿಕ್ ಅಟ್ಯಾಕ್ ಆಯಿತು. ಎದೆ ಹೊಡೆದುಕೊಂಡಿತು, ಉಸಿರು ಸಿಗಲಿಲ್ಲ. ಅಲ್ಲಿಂದಾಚೆ ಲಿಫ್ಟ್ ಬಾಗಿಲು ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ಇಲ್ಲಿಯವರೆಗೆ ಪಾವ್ಲಾವ್: ಒಟ್ಟಿಗೆ ಬಂದ ಎರಡನ್ನು ದೇಹ ಜೋಡಿಸಿಕೊಳ್ಳುವುದು. ಅವರು ತಿರುಗಿ ಮೆಟ್ಟಿಲ ಕಡೆ ಹೋಗುತ್ತಾರೆ, ತಕ್ಷಣ ಹಗುರಾಗುತ್ತದೆ. ಇದು ಸ್ಕಿನ್ನರ್: ಸಿಕ್ಕ ಫಲದಿಂದ ವರ್ತನೆ ಬಲವಾಗುವುದು. ಆ ಹಗುರವೇ "ಮೆಟ್ಟಿಲೇ ಸರಿ" ಎಂದು ಕಲಿಸುತ್ತದೆ. ಲಿಫ್ಟ್‌ನಲ್ಲಿ ಏನೂ ಆಗುವುದಿಲ್ಲ ಎಂದು ತಿಳಿಯುವ ಅವಕಾಶವೇ ಅವರಿಗೆ ಸಿಗುವುದಿಲ್ಲ. ಭಯ ಒಂದು ಬಗೆಯಲ್ಲಿ ಹುಟ್ಟುತ್ತದೆ, ಇನ್ನೊಂದು ಬಗೆಯಲ್ಲಿ ಉಳಿಯುತ್ತದೆ ಎಂದು ಮನೋವಿಜ್ಞಾನಿ ಮೌರರ್ 1947ರಲ್ಲಿ ಜೋಡಿಸಿ ತೋರಿಸಿದ್ದು ಇದನ್ನೇ. ನಂತರ ಇದಕ್ಕೆ ತಿದ್ದುಪಡಿಗಳು ಬಂದಿವೆ, ಆದರೂ ತಪ್ಪಿಸಿಕೊಳ್ಳುವುದರಿಂದ ಭಯ ಉಳಿಯುತ್ತದೆ ಎನ್ನುವ ಮಾತು ಗಟ್ಟಿಯಾಗಿ ನಿಂತಿದೆ.

ನಿಮ್ಮ ಕೋಣೆಗೆ ಬನ್ನಿ. ಆ ವ್ಯಕ್ತಿ ಕೇಳುತ್ತಾರೆ: "ಮೇಡಂ, ನನಗೆ ಏನೂ ಆಗಲ್ಲ ಅಲ್ವಾ?" ನೀವು ಮನಸಾರೆ ಹೇಳುತ್ತೀರಿ: "ಏನೂ ಆಗಲ್ಲ, ಧೈರ್ಯವಾಗಿರಿ." ಅವರ ಮುಖ ಸಡಿಲವಾಗುತ್ತದೆ. ನಿಮ್ಮ ಹೊಟ್ಟೆಯೊಳಗಿನ ಬಿಗಿಯೂ ಸಡಿಲವಾಗುತ್ತದೆ. ಹತ್ತು ನಿಮಿಷ ಬಿಟ್ಟು ಅವರು ಮತ್ತೆ ಕೇಳುತ್ತಾರೆ. ಮುಂದಿನ ವಾರ ಇನ್ನೂ ಬೇಗ ಕೇಳುತ್ತಾರೆ. ಯಾಕೆ? ಕೇಳಿದಾಗಲೆಲ್ಲ ಭಯ ಇಳಿಯಿತು, ಕೇಳುವ ಅಭ್ಯಾಸ ಬಲವಾಯಿತು. ನೀವೂ ಅದೇ ಬಲೆಯಲ್ಲಿದ್ದೀರಿ. ಸಮಾಧಾನ ಹೇಳಿದಾಗಲೆಲ್ಲ ನಿಮ್ಮ ಕಸಿವಿಸಿ ಇಳಿಯಿತು, ಸಮಾಧಾನ ಹೇಳುವ ಅಭ್ಯಾಸ ಬಲವಾಯಿತು. ಇಬ್ಬರೂ ಒಬ್ಬರಿಗೊಬ್ಬರು ಮಾತ್ರೆ ಕೊಟ್ಟುಕೊಳ್ಳುತ್ತಿದ್ದೀರಿ.

ಹಾಗಂತ ಕಲ್ಲಿನ ಹಾಗೆ ಕೂರಬೇಕಿಲ್ಲ. "ಈಗ ಆ ಭಯ ಮತ್ತೆ ಬಂತು ಅನ್ಸುತ್ತೆ. ಎಲ್ಲಿ ಗೊತ್ತಾಗ್ತಿದೆ, ಎದೆಯಲ್ಲಾ?" ಎಂದು ಕೇಳಿ, ಅದು ಏರಿ ಇಳಿಯುವವರೆಗೂ ಜೊತೆಗಿರಿ. ಜೊತೆಗಿರುವುದಕ್ಕೂ ಭಯ ಒರೆಸಿಹಾಕುವುದಕ್ಕೂ ವ್ಯತ್ಯಾಸ ಇದೆ. ಒಂದು ಮಾತು ಮಾತ್ರ ಖಡಾಖಂಡಿತ: ಇದನ್ನು ಓದಿ ನಾಳೆಯೇ ಯಾರನ್ನೂ ಲಿಫ್ಟ್‌ಗೆ ಕರೆದುಕೊಂಡು ಹೋಗಬೇಡಿ. ಭಯಕ್ಕೆ ಎದುರಾಗಿಸುವ ಚಿಕಿತ್ಸೆಗೆ ಬೇರೆ ತರಬೇತಿ ಬೇಕು, ಮೇಲುಸ್ತುವಾರಿ ಬೇಕು. ಎದೆ ಹೊಡೆತಕ್ಕೆ ದೇಹದ ಕಾರಣ ಇದೆಯೇ ಎಂದು ವೈದ್ಯರು ನೋಡಿರಬೇಕು.

ಪ್ರಶ್ನೆ: ಅಟ್ಯಾಚ್‌ಮೆಂಟ್ (ಮಗುವಿಗೂ ಸಾಕುವವರಿಗೂ ನಡುವಿನ ಬಾಂಧವ್ಯ) ಪಾಠ ಆದಮೇಲೆ ನನಗೆ ಎಲ್ಲರಲ್ಲೂ ಅದೇ ಕಾಣುತ್ತಿದೆ. ಗೆಳತಿ ಫೋನ್ ಎತ್ತದಿದ್ದರೆ "ಅವಾಯ್ಡೆಂಟ್", ಅಂದರೆ ಹತ್ತಿರವಾಗದೆ ದೂರ ಸರಿಯುವ ಬಗೆ, ಅನಿಸುತ್ತದೆ. ರೋಲ್ ಪ್ಲೇನಲ್ಲಿ ಕ್ಲೈಂಟ್‌ಗೂ ಹೇಳಿದೆ, ಅವರು "ಕರೆಕ್ಟಾಗಿ ಹೇಳಿದ್ರಿ" ಅಂದರು. ಇದು ಸರಿಯಾ?

ಉತ್ತರ: ಹೊಸದಾಗಿ ಕಲಿತದ್ದು ಎಲ್ಲೆಲ್ಲೂ ಕಾಣುವುದು ಸಹಜ. ಆದರೆ ಬಾಯಲ್ಲಿ ಹೇಳುವುದನ್ನು ಇವತ್ತೇ ನಿಲ್ಲಿಸಿ.

ಮೇರಿ ಐನ್ಸ್‌ವರ್ತ್ ಆ ಬಗೆಗಳನ್ನು ಗುರುತಿಸಿದ್ದು ಹೇಗೆ ನೋಡಿ. ಒಂದು ವರ್ಷದ ಆಸುಪಾಸಿನ ಮಕ್ಕಳು. ಹೊಸ ಕೋಣೆ, ಆಟಿಕೆ, ತಾಯಿ, ಒಬ್ಬ ಅಪರಿಚಿತೆ. ತಾಯಿ ಸ್ವಲ್ಪ ಹೊತ್ತು ಹೊರಗೆ ಹೋಗಿ ಮತ್ತೆ ಬರುತ್ತಾಳೆ. ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ. ಮಗು ಎಷ್ಟು ಅತ್ತಿತು ಎನ್ನುವುದಕ್ಕಿಂತ ತಾಯಿ ಮರಳಿ ಬಂದಾಗ ಏನು ಮಾಡಿತು ಎನ್ನುವುದನ್ನು ಅವರು ಜಾಸ್ತಿ ಗಮನಿಸಿದರು. ಓಡಿ ಬಂದು ಅಪ್ಪಿಕೊಂಡು ಸಮಾಧಾನವಾಯಿತಾ? ಮುಖ ತಿರುಗಿಸಿ ಆಟಿಕೆ ನೋಡಿತಾ? ಅಂಟಿಕೊಂಡೇ ಒದೆಯಿತಾ? ಅಂದರೆ ಅವರು ನೋಡಿದ್ದು ಆ ಮಗುವಿಗೂ ಆ ತಾಯಿಗೂ ನಡುವಿನ ಸಂಬಂಧವನ್ನು. ಅದೇ ಮಗು ತಂದೆಯ ಜೊತೆ ಬೇರೆ ಥರ ಇರಬಹುದು. ಇದು ರಕ್ತದ ಗುಂಪಿನಂತೆ ಹುಟ್ಟಿನಿಂದ ಅಂಟಿಕೊಂಡು ಬರುವುದಲ್ಲ. ಗೆಳತಿ ಫೋನ್ ಎತ್ತಲಿಲ್ಲ ಅಂದರೆ ಅವಳು ಸುಮ್ನೆ ಮಲಗಿರಲೂಬಹುದು.

ಇನ್ನು "ಕರೆಕ್ಟಾಗಿ ಹೇಳಿದ್ರಿ" ಎನ್ನುವ ಮಾತು. 1949ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ವಾರದ ನಂತರ ಪ್ರತಿಯೊಬ್ಬರಿಗೂ "ನಿಮ್ಮ ಫಲಿತಾಂಶ" ಎಂದು ಒಂದು ಹಾಳೆ ಕೊಟ್ಟು, ಎಷ್ಟು ಹೊಂದುತ್ತದೆ ಎಂದು 5ಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ. ಅದರ ವಾಕ್ಯಗಳು ಹೆಚ್ಚಾಗಿ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಕ್ಲೈಂಟ್ ತಲೆಯಾಡಿಸಿದ್ದಕ್ಕೆ ನಿಮ್ಮ ಊಹೆ ಸರಿ ಎಂದುಕೊಳ್ಳಬೇಡಿ. ನಿಮ್ಮ ಮೇಲಿನ ಗೌರವಕ್ಕೂ ತಲೆಯಾಡಿಸುತ್ತಾರೆ. "ಇಲ್ಲ, ಹಾಗಲ್ಲ" ಎಂದು ಅವರು ನಿಮಗೆ ಹೇಳಬಲ್ಲರೇ? ಅಷ್ಟು ಸಲಿಗೆ ಆ ಕೋಣೆಯಲ್ಲಿ ಇದೆಯೇ? ಅದನ್ನು ನೋಡಿಕೊಳ್ಳಿ.

ಪ್ರಶ್ನೆ: ಕೊನೆಗೆ ಯಾವ ಸಿದ್ಧಾಂತ ಹಿಡಿಯಬೇಕು? ಫ್ರಾಯ್ಡಾ, ರೋಜರ್ಸಾ, ಸಿಬಿಟಿನಾ (ಯೋಚನೆ ಮತ್ತು ವರ್ತನೆ ಬದಲಿಸುವ ಚಿಕಿತ್ಸೆ)?

ಉತ್ತರ: ಮೊದಲ ವರ್ಷದಲ್ಲಿ ಯಾವುದನ್ನೂ ಹಿಡಿಯಬೇಡಿ, ಎಲ್ಲವನ್ನೂ ಓದಿ. ಎರಡು ಮಾತ್ರ ಗಟ್ಟಿ ಮಾಡಿಕೊಳ್ಳಿ. ಒಂದು, ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ ಮಾತು: ಅವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಒಳಗೊಂದು ಹೊರಗೊಂದು ಇಲ್ಲದೆ ಇರುವುದು. ಎರಡು, ಮನೋವಿಜ್ಞಾನಿ ಬೋರ್ಡಿನ್ 1979ರಲ್ಲಿ ಬರೆದದ್ದು: ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎನ್ನುವುದರಲ್ಲಿ ಇಬ್ಬರಿಗೂ ಒಪ್ಪಿಗೆ ಇರಬೇಕು, ಜೊತೆಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಬೇಕು. ಯಾವ ಪಂಥಕ್ಕೆ ಹೋದರೂ ಇವು ಬೇಕು.

ಪ್ರಶ್ನೆ (ಮೊದಲು ಕೇಳಿದವರು): ಒಂದು ಅನುಮಾನ ಕಾಡುತ್ತಿದೆ ಮೇಡಂ. ಒಂದು ಪದ ನೆನಪನ್ನೇ ಬದಲಿಸುತ್ತದೆ ಅಂದಿರಿ. ಹಾಗಿದ್ದರೆ "ಸಾಯಬೇಕು ಅನ್ನಿಸಿದೆಯಾ" ಎಂದು ಕೇಳಿದರೆ ನಾವೇ ಆ ಯೋಚನೆ ತಲೆಗೆ ಹಾಕಿದಂತೆ ಆಗುವುದಿಲ್ಲವಾ?

ಉತ್ತರ: ಇಲ್ಲ. ದಯವಿಟ್ಟು ಈ ಉತ್ತರವನ್ನು ಎಲ್ಲರೂ ಎರಡು ಸಲ ಓದಿ.

ಕಂಡ ಘಟನೆಯ ವಿವರ ಒಂದು ಪದಕ್ಕೆ ಬದಲಾಗಬಹುದು. ಸಾಯಬೇಕೆನ್ನುವ ಯೋಚನೆ ಹಾಗೆ ಪ್ರಶ್ನೆಯಿಂದ ಹುಟ್ಟುವುದಿಲ್ಲ. ಇದನ್ನೇ ಪರೀಕ್ಷಿಸಿದ ಅಧ್ಯಯನಗಳು ಆಗಿವೆ. ನೇರವಾಗಿ ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಾದದ್ದು ಕಂಡಿಲ್ಲ. ಯಾರೋ ಕೊನೆಗೂ ಕೇಳಿದರು ಎಂದು ಎಷ್ಟೋ ಜನಕ್ಕೆ ಹಗುರಾಗುತ್ತದೆ.

ಅಪಾಯ ಇರುವುದು ಬೇರೆ ಕಡೆ. "ಅಂಥ ಯೋಚನೆ ಏನೂ ಇಲ್ಲ ತಾನೆ?" ಎಂದು ಕೇಳುತ್ತೇವಲ್ಲ, ಅದು. ಅದರೊಳಗೆ "ಇಲ್ಲ ಅನ್ನಿ" ಎನ್ನುವ ಬೇಡಿಕೆ ಇದೆ. ನಮ್ಮ ಭಯ ಇಳಿಸಿಕೊಳ್ಳಲು ಹಾಗೆ ಕೇಳುತ್ತೇವೆ. ಅವರು "ಇಲ್ಲ" ಅಂತಾರೆ, ಇಬ್ಬರೂ ಸುಮ್ಮನಾಗುತ್ತೇವೆ. ಬದಲಿಗೆ ತಡವರಿಸದೆ, ಮೆಲ್ಲಗೆ ಕೇಳಿ: "ಇಷ್ಟು ಕಷ್ಟದಲ್ಲಿ ಕೆಲವರಿಗೆ ಸಾಯುವ ಯೋಚನೆ ಬರುತ್ತದೆ. ನಿಮಗೆ ಬಂದಿದೆಯಾ?" ಕೇಳಿ ಕಾಯಿರಿ.

ಹೌದು ಅಂದರೆ ಹೇಗೆ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದದ್ದು ಕೈಗೆ ಸಿಗುವಂತಿದೆಯೇ ಎಂದು ಕೇಳಿ. ಅಪಾಯ ಹತ್ತಿರದಲ್ಲಿದೆ ಅನಿಸಿದರೆ ಒಬ್ಬರನ್ನೇ ಕಳಿಸಬೇಡಿ, ತುರ್ತು ಸಹಾಯ ಕರೆಯಿರಿ. ಹೇಗಿದ್ದರೂ ಅವತ್ತೇ, ಆ ಕೂಡಲೇ ಸೂಪರ್‌ವೈಸರ್‌ಗೆ ಹೇಳಿ. ತರಬೇತಿಯಲ್ಲಿರುವವರು ಇದನ್ನು ಒಬ್ಬರೇ ಹೊರಬಾರದು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಗುಟ್ಟು ಎಲ್ಲಿಯವರೆಗೆ ಗುಟ್ಟು, ಯಾವಾಗ ಬೇರೆಯವರಿಗೆ ತಿಳಿಸಬೇಕಾಗುತ್ತದೆ ಎನ್ನುವುದನ್ನು ಮೊದಲ ಭೇಟಿಯಲ್ಲೇ ಹೇಳಿರಬೇಕು.

ಪ್ರಶ್ನೆ (ಅವರೇ, ಮೂರು ದಿನದ ಮೇಲೆ): ಮೇಡಂ, ನನ್ನ ರೋಲ್ ಪ್ಲೇ ರೆಕಾರ್ಡಿಂಗ್ ಮತ್ತೆ ಕೇಳಿದೆ. ಹನ್ನೆರಡು ನಿಮಿಷದಲ್ಲಿ ಹನ್ನೊಂದು ಸಲ "ಅಲ್ವಾ" ಅಂದಿದ್ದೇನೆ. ಮುಂದಿನ ವಾರ ಒಂದೂ ಇರದ ಹಾಗೆ ನೋಡಿಕೊಳ್ಳುತ್ತೇನೆ.

ಉತ್ತರ: ಎಣಿಸಿದ್ದು ತುಂಬಾ ಒಳ್ಳೆಯದಾಯಿತು. ಆದರೆ ಮುಂದಿನ ವಾರ ಒಂದೂ ಇರಬಾರದು ಎಂದು ಕೂತರೆ ಗಮನವೆಲ್ಲ ನಿಮ್ಮ ನಾಲಿಗೆಯ ಮೇಲೇ ಇರುತ್ತದೆ. ಎದುರಿಗಿರುವವರು ಕೇಳಿಸುವುದಿಲ್ಲ. ಅದರ ಬದಲು ಇದೇ ಟೇಪ್ ಇನ್ನೊಂದು ಸಲ ಹಾಕಿ. ಪ್ರತಿ "ಅಲ್ವಾ" ಬರುವ ಮುಂಚಿನ ಐದು ಸೆಕೆಂಡ್ ಕೇಳಿ. ಅಲ್ಲಿ ಮೌನ ಇತ್ತಾ? ಅವರು ಅಳುವಂತಿದ್ದರಾ? ನಿಮಗೇ ಏನೋ ಕಸಿವಿಸಿ ಆಗಿತ್ತಾ? ಹನ್ನೊಂದನ್ನೂ ಒಂದೊಂದು ಸಾಲಿನಲ್ಲಿ ಬರೆದು ಇಲ್ಲಿ ಹಾಕಿ. ಸಹಪಾಠಿ ಹೇಳಿಕೊಂಡ ಮಾತುಗಳು ಬೇಡ, ನಿಮ್ಮ ಕಡೆಯದ್ದು ಮಾತ್ರ. ನಾನು ಓದುತ್ತೇನೆ.