‘ರೋಗನಿರೋಧಕ ನಿಗ್ರಹ’: ಕಿಡ್ನಿ ಕಸಿಯಾದವರ ಗುಳಿಗೆಗೆ ತಕ್ಕ ಹೆಸರು ಯಾವುದು?

ಮಾನ್ಯರೇ,

ವಿಜಯಪುರ ಜಿಲ್ಲೆಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡವರಿಗಾಗಿ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೋಲಿಮಸ್ ಔಷಧಗಳನ್ನು ಹೋಲಿಸುವ ಅಧ್ಯಾಯಕ್ಕೆ ಬಂದಾಗ, ಮೈಯ ರೋಗನಿರೋಧಕ ಶಕ್ತಿ ಕಸಿಯಾದ ಕಿಡ್ನಿಯ ಮೇಲೆ ಎರಗದಂತೆ ಅದನ್ನು ತಗ್ಗಿಸುವ ಇವೆರಡೂ ಸೇರುವ ಗುಂಪಿನ ಹೆಸರೇ ತೊಡಕಾಯಿತು. ಹಳೆಯ ಕರಪತ್ರವೊಂದರಲ್ಲಿ ‘ರೋಗನಿರೋಧಕ ನಿಗ್ರಹ ಔಷಧ’ ಎಂದಿತ್ತು. ಅದನ್ನು ಓದಿದ ಇಂಡಿ ತಾಲ್ಲೂಕಿನ ರೈತರೊಬ್ಬರು, “ರೋಗ ತಡಿಯೂ ಗುಳಿಗಿ ಅಂತ ಬರದಾರ್ರೀ, ನನಗೀಗ ಯಾವ ರೋಗಾನೂ ಇಲ್ಲ, ದಿನಾ ಎರಡ ಸಲ ಯಾಕ ನುಂಗಬೇಕ್ರಿ?” ಎಂದು ಕೇಳಿದರು. ಮೊದಲು ಕಣ್ಣಿಗೆ ಬಿದ್ದ ‘ರೋಗನಿರೋಧಕ’ವನ್ನೇ ಅವರು ಹಿಡಿದುಕೊಂಡಿದ್ದರು. ಹೀಗೆ ತಿಳಿದು ಗುಳಿಗೆ ಬಿಟ್ಟವರು ಕಸಿಯಾದ ಕಿಡ್ನಿಯನ್ನೇ ಕಳೆದುಕೊಳ್ಳಬಹುದು.

‘ಪ್ರತಿರಕ್ಷಾ ದಮನಕ’ ಎಂಬುದು ನಿಖರವಾಗಿದ್ದರೂ ಹಳ್ಳಿಯ ಓದುಗರನ್ನು ಮುಟ್ಟುವುದಿಲ್ಲ. ‘ಶಕ್ತಿ ಕುಗ್ಗಿಸುವ ಗುಳಿಗೆ’ ಎಂದರೆ ನಿಶ್ಶಕ್ತಿ ಬರುತ್ತದೆಂದು ಹೆದರುತ್ತಾರೆ. ‘ಕಸಿ ಕಾಯುವ ಗುಳಿಗೆ’ ಎಂಬುದು ನನಗೆ ಹಿಡಿಸಿದೆ. ದ್ರಾಕ್ಷಿಯನ್ನು ಡಾಗ್‌ರಿಜ್ ಬೇರುಸಸಿಗೆ ಕಸಿ ಕಟ್ಟುವ ನಮ್ಮ ಬೆಳೆಗಾರರಿಗೆ ‘ಕಸಿ’ಯನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಹೆಸರಿನಲ್ಲಿ ಸೋಂಕು ತಗಲುವ ಅಪಾಯದ ಸುಳಿವಿಲ್ಲ. ಆದ್ದರಿಂದ ‘ಮೈಯ ಕಾವಲನ್ನು ತಗ್ಗಿಸಿ ಕಸಿ ಕಾಯುವ ಗುಳಿಗೆ’ ಎಂದು ಒಮ್ಮೆ ಪೂರ್ತಿಯಾಗಿ ಬರೆದು, ಮುಂದೆ ‘ಕಸಿ ಕಾಯುವ ಗುಳಿಗೆ’ ಎಂದಷ್ಟೇ ಬಳಸಬೇಕೆಂದಿದ್ದೇನೆ.

ಇನ್ನೂ ದೊಡ್ಡ ತೊಡಕು, ಕಸಿಯಾದ ಕಿಡ್ನಿಯನ್ನು ಮೈ ತನ್ನದಲ್ಲವೆಂದು ಎದುರಿಸುವ ‘ರಿಜೆಕ್ಷನ್’ ಎಂಬುದರದು. ‘ತಿರಸ್ಕಾರ’ದಲ್ಲಿ ಅವಮಾನದ ಛಾಯೆಯಿದೆ, ಕಿಡ್ನಿ ಕೊಟ್ಟ ತಾಯಿಯೊಬ್ಬರು ಆ ಪದ ಕೇಳಿ ಕಣ್ಣೀರು ತಂದುಕೊಂಡದ್ದನ್ನು ನಾನು ನೋಡಿದ್ದೇನೆ. ನಮ್ಮ ಕಡೆ ಜನ “ಕಿಡ್ನಿ ಮೈಗೆ ಹೊಂದವಲ್ದು” ಎನ್ನುತ್ತಾರೆ. ಈ ‘ವಲ್ದು’ ಎಂಬುದು ‘ಒಲ್ಲದು’ ಎಂಬುದರ ಆಡುರೂಪ, ಮತ್ತು ಮೈ ತನ್ನದಲ್ಲದ್ದನ್ನು ಒಲ್ಲೆನ್ನುವ ಕ್ರಿಯೆಯನ್ನು ಅದು ಯಾರನ್ನೂ ನೋಯಿಸದೆ ಹೇಳುತ್ತದೆ. ‘ಅಕ್ಯೂಟ್ ರಿಜೆಕ್ಷನ್’ ಅನ್ನು ‘ತೀವ್ರ ತಿರಸ್ಕಾರ’ ಎಂದು ಬರೆಯುವುದಂತೂ ತಪ್ಪು ತಿಳಿವಳಿಕೆಗೆ ದಾರಿ, ಏಕೆಂದರೆ ಅಲ್ಲಿ ಹೇಳಬೇಕಾದದ್ದು ಅದು ಅಲ್ಪಕಾಲದಲ್ಲಿ ತಲೆದೋರುತ್ತದೆ ಎಂಬುದನ್ನು. ‘ತೀವ್ರ’ ಎಂದರೆ ಓದುಗರು ಅದರ ಜೋರನ್ನಷ್ಟೇ ಗ್ರಹಿಸುತ್ತಾರೆ.

ಹೋಲಿಕೆಯ ವಾಕ್ಯಗಳಲ್ಲಿ ಇದೇ ಪದ ಮತ್ತೆ ಮತ್ತೆ ಬೇಕಾಗುತ್ತದೆ. ಕಿಡ್ನಿ ಕಸಿಯಾದವರಲ್ಲಿ ಈ ಔಷಧಗಳನ್ನು ಹೋಲಿಸಿ 2007ರಲ್ಲಿ ಪ್ರಕಟವಾದ ಸಿಂಫನಿ ಅಧ್ಯಯನದಲ್ಲಿ, ಬಯಾಪ್ಸಿಯಿಂದ (ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆಯಿಂದ) ಖಚಿತಪಟ್ಟ ಅಕ್ಯೂಟ್ ರಿಜೆಕ್ಷನ್ ಕಡಿಮೆ ಪ್ರಮಾಣದ ಟ್ಯಾಕ್ರೋಲಿಮಸ್ ಪಡೆದವರಲ್ಲಿ ಶೇ. 12.3ರಷ್ಟು, ರೂಢಿಯ ಪ್ರಮಾಣದ ಸೈಕ್ಲೋಸ್ಪೊರಿನ್ ಪಡೆದವರಲ್ಲಿ ಶೇ. 25.8ರಷ್ಟು ಕಂಡುಬಂದಿತ್ತು. ಅಡ್ಡಪರಿಣಾಮಗಳನ್ನು ಹೇಳಲು ಮಾತ್ರ ತೊಂದರೆಯಾಗಲಿಲ್ಲ: ಸೈಕ್ಲೋಸ್ಪೊರಿನ್‌ನಿಂದ ವಸಡು ಉಬ್ಬುವುದು, ಮೈಮೇಲೆ ಕೂದಲು ಹೆಚ್ಚುವುದು, ಟ್ಯಾಕ್ರೋಲಿಮಸ್‌ನಿಂದ ಕೈನಡುಕ, ಹೊಸದಾಗಿ ಸಕ್ಕರೆ ಕಾಯಿಲೆ.

ನನ್ನ ಪ್ರಶ್ನೆ ಇಷ್ಟು: ‘ಒಲ್ಲದು’ ಎಂಬುದರಿಂದ ‘ಒಲ್ಲದಿರುವಿಕೆ’ಗಿಂತ ಚಿಕ್ಕದಾದ, ಬರಹಕ್ಕೂ ಒಗ್ಗುವ ನಾಮಪದವೊಂದು ನಿಮ್ಮ ಕಡೆ ಬಳಕೆಯಲ್ಲಿದೆಯೇ? ಅಕ್ಯೂಟ್ ಎಂಬುದಕ್ಕೆ ‘ದಿಢೀರ್’ ಎಂದರೆ ಹಗುರವಾದೀತೇ?